ಸಿಸ್ಟಂ ಟೈಮರ್‌ಗಳನ್ನು ನಮ್ಮ ಹೊತ್ತಿಗೆ ಹೊಂದಿಸಿಕೊಳ್ಳುವುದು

ಕಲಬುರಗಿಯ ನಮ್ಮ ಅಭ್ಯಾಸದ ಕೋಣೆಯಲ್ಲಿ ಡೆಬಿಯನ್ ಎಂಬ ಲಿನಕ್ಸ್ ಹಾಕಿದ ನಾಲ್ಕು ಹಳೆಯ ಕಂಪ್ಯೂಟರ್‌ಗಳಿವೆ. ಮುಂಜಾನೆ ಹತ್ತಕ್ಕೆ ಚಾಲೂ, ಸಂಜೆ ಐದೂವರೆಗೆ ಮೇನ್ ಸ್ವಿಚ್ ಬಂದ್. ರವಿವಾರ ಕೋಣೆ ತೆರೆಯುವುದೇ ಇಲ್ಲ. ನೆಟ್ ಬರುವುದು ಯಾರದಾದರೂ ಮೊಬೈಲ್ ಹಾಟ್‌ಸ್ಪಾಟ್‌ನಿಂದ. ಪಾಠ ರಂಗೇರಿದಾಗಲೇ ನೆಟ್ ಬಿಗಿ ಹಿಡಿಯುತ್ತಿತ್ತು. ಹುಡುಕಿದಾಗ ಸಿಕ್ಕದ್ದು ಆಪ್ಟ್-ಡೈಲಿ ಟೈಮರ್, ಅಂದರೆ ಹೊಸ ಪ್ಯಾಕೇಜ್‌ಗಳನ್ನು (ಸಾಫ್ಟ್‌ವೇರ್ ಕಟ್ಟುಗಳನ್ನು) ಹೊತ್ತಿಗೆ ಸರಿಯಾಗಿ ನೆಟ್‌ನಿಂದ ಇಳಿಸಲು ಸಿಸ್ಟಂ ಇಟ್ಟುಕೊಂಡ ಅಲಾರಂ.

ಇದರ ಮೂಲ ಫೈಲಿನಲ್ಲಿ ಮೂರು ಸಾಲು ಮುಖ್ಯ. ಆನ್‌ಕ್ಯಾಲೆಂಡರ್ ಮುಂಜಾನೆ 6 ಮತ್ತು ಸಂಜೆ 18 ಗಂಟೆ ಎನ್ನುತ್ತದೆ. ರ‍್ಯಾಂಡಮೈಸ್ಡ್‌ಡಿಲೇಸೆಕ್ 12 ಗಂಟೆಯವರೆಗೆ. ಜಗತ್ತಿನ ಯಂತ್ರಗಳೆಲ್ಲ ಒಮ್ಮೆಲೇ ಸರ್ವರ್ ಮೇಲೆ ಮುಗಿಬೀಳಬಾರದೆಂದು ಈ ಅಡ್ಡಾದಿಡ್ಡಿ ತಡ. ಮೂರನೆಯದು ಪರ್ಸಿಸ್ಟೆಂಟ್=ಟ್ರೂ: ಯಂತ್ರ ಆಫ್ ಇದ್ದಾಗ ತಪ್ಪಿದ ಪಾಳಿಯನ್ನು ಆನ್ ಆದ ಮೇಲೆ ತೀರಿಸುತ್ತದೆ. ಆರಕ್ಕೂ ಹದಿನೆಂಟಕ್ಕೂ ನಮ್ಮ ಯಂತ್ರ ಆಫ್. ಅಂದಮೇಲೆ ಪ್ರತಿ ಪಾಳಿಯೂ ಬಾಕಿಯೇ, ಆ ಬಾಕಿ ತೀರುವುದು ಪಾಠದ ಹೊತ್ತಿಗೇ.

ಮೂಲ ಫೈಲನ್ನು ಕೈಯಿಂದ ತಿದ್ದಬೇಡಿ. ಪ್ಯಾಕೇಜ್ ಹೊಸದಾದ ದಿನ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ರೂಟ್ (ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಬಳಕೆದಾರ) ಆಗಿ ‘ಸಿಸ್ಟಂಸಿಟಿಎಲ್ ಎಡಿಟ್ ಆಪ್ಟ್-ಡೈಲಿ.ಟೈಮರ್’ ಕೊಟ್ಟರೆ ಇಟಿಸಿ ಡೈರೆಕ್ಟರಿಯ ಕೆಳಗೆ, ಮೂಲದ ಮೇಲೆ ಜಾರಿಯಾಗುವ ಬೇರೆಯೇ ಓವರ್‌ರೈಡ್ ಫೈಲ್ ಆಗುತ್ತದೆ. ತೆರೆದ ಎಡಿಟರ್‌ನಲ್ಲಿ ‘ಇದರ ಕೆಳಗಿನ ಸಾಲುಗಳು ಬಿಟ್ಟುಹೋಗುತ್ತವೆ’ ಎಂಬ ಸೂಚನೆ ಇಂಗ್ಲಿಷಿನಲ್ಲಿರುತ್ತದೆ. ಅದರ ಮೇಲೆಯೇ ಬರೆಯಬೇಕು:

[ಟೈಮರ್]
ಆನ್‌ಕ್ಯಾಲೆಂಡರ್=
ಆನ್‌ಕ್ಯಾಲೆಂಡರ್=ಮನ್..ಸ್ಯಾಟ್ 13:30
ರ‍್ಯಾಂಡಮೈಸ್ಡ್‌ಡಿಲೇಸೆಕ್=10ಎಂ

(ಫೈಲಿನಲ್ಲಿ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. 10ಎಂ ಅಂದರೆ ಹತ್ತು ನಿಮಿಷ.)

ಆ ಖಾಲಿ ಸಾಲು ಯಾಕೆ? ಮೊದಲ ಸಲ ನಾನು ಅದನ್ನು ಬಿಟ್ಟಿದ್ದೆ. ಮರುದಿನ ಪಕ್ಕದಲ್ಲಿ ಕೂತ ಹುಡುಗ, “ಅಕ್ಕಾ, ಟೈಮ್ ಬದಲು ಮಾಡೀನಿ ಅಂದ್ರಿ, ಮುಂಜಾನಿಂದೂ ಹಂಗೇ ಓಡ್ಲಿಕತ್ತದಲ್ರಿ?” ಅಂದ. ‘ಸಿಸ್ಟಂಸಿಟಿಎಲ್ ಕ್ಯಾಟ್’ ಕೊಟ್ಟು ಮೂಲವನ್ನೂ ಓವರ್‌ರೈಡನ್ನೂ ಒಟ್ಟಿಗೆ ಓದಿದಾಗ ತಿಳಿಯಿತು. ಆನ್‌ಕ್ಯಾಲೆಂಡರ್ ಅಂದರೆ ಪಟ್ಟಿ. ಹೊಸ ಸಾಲು ಬರೆದರೆ ಹಳೆಯದು ಹೋಗುವುದಿಲ್ಲ, ಅದರ ಜೊತೆ ಸೇರಿಕೊಳ್ಳುತ್ತದೆ. ಖಾಲಿ ಸಾಲು ಪಟ್ಟಿಯನ್ನು ಒರೆಸಿಹಾಕುತ್ತದೆ. ತಡದ ಸಾಲಿಗೆ ಈ ಕಾಟವಿಲ್ಲ, ಅಲ್ಲಿ ಕೊನೆಗೆ ಬರೆದದ್ದೇ ಲೆಕ್ಕ.

ಮಧ್ಯಾಹ್ನ ಒಂದೂವರೆ ಎಂದರೆ ನಾವೆಲ್ಲ ರೊಟ್ಟಿ ಬುತ್ತಿ ಬಿಚ್ಚುವ ಹೊತ್ತು. ಸೋಮವಾರದಿಂದ ಶನಿವಾರ ಎಂದು ಬರೆಯದೆ ದಿನಾಲೂ ಎಂದಿದ್ದರೆ, ರವಿವಾರದ ಬಾಕಿ ಸೋಮವಾರ ಮುಂಜಾನೆಯ ತಲೆಗೆ ಬರುತ್ತಿತ್ತು. ಊಟದ ಹೊತ್ತಿಗೇ ಕರೆಂಟ್ ಹೋದರೆ? ಯಂತ್ರ ಮತ್ತೆ ಆನ್ ಆದಾಗ ಬಾಕಿ ತೀರುತ್ತದೆ. ಪರ್ಸಿಸ್ಟೆಂಟನ್ನು ನಾನು ಬೇಕೆಂದೇ ಮುಟ್ಟಲಿಲ್ಲ, ಭದ್ರತೆಯ ಅಪ್‌ಡೇಟ್ ತಪ್ಪುವುದಕ್ಕಿಂತ ಒಂದು ದಿನ ನೆಟ್ ನಿಧಾನವಾದರೆ ಪರವಾಗಿಲ್ಲ. ಆಪ್ಟ್-ಡೈಲಿ ಪಟ್ಟಿ ಮತ್ತು ಪ್ಯಾಕೇಜ್ ಇಳಿಸುವವನು. ತಾನಾಗಿ ಇನ್‌ಸ್ಟಾಲ್ ಮಾಡುವ ವ್ಯವಸ್ಥೆ ಇದ್ದರೆ ಅದನ್ನು ನಡೆಸುವುದು ಆಪ್ಟ್-ಡೈಲಿ-ಅಪ್‌ಗ್ರೇಡ್. ಅದಕ್ಕೂ ಬೇರೆ ಓವರ್‌ರೈಡ್ ಬೇಕು. ನಾವು 14:15 ಕೊಟ್ಟಿದ್ದೇವೆ.

ಬರೆದ ಸಮಯ ಸರಿಯೇ ಎಂದು ‘ಸಿಸ್ಟಂಡಿ-ಅನಲೈಸ್ ಕ್ಯಾಲೆಂಡರ್’ ಮುಂದೆ ಆ ಸಮಯವನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟು ನೋಡಿ. ಮುಂದಿನ ಪಾಳಿ ಯಾವಾಗ ಎಂದು ಹೇಳುತ್ತದೆ.

ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಹಳೆಯ ವ್ಯವಸ್ಥೆಯಾದ ಕ್ರಾನ್ ಇನ್ನೂ ಇದೆ, ಅದರ ವೇಳಾಪಟ್ಟಿಯೇ ಕ್ರಾನ್‌ಟ್ಯಾಬ್. ಡೆಬಿಯನ್‌ನ ಸಿಸ್ಟಂ ಕ್ರಾನ್‌ಟ್ಯಾಬ್‌ನಲ್ಲಿ ದಿನದ ಕೆಲಸ 6:25ಕ್ಕೆ, ವಾರದ್ದು ರವಿವಾರ 6:47ಕ್ಕೆ, ತಿಂಗಳದ್ದು 1ನೇ ತಾರೀಖು 6:52ಕ್ಕೆ. ಅನಾಕ್ರಾನ್ ಇದ್ದರೆ ಈ ಮೂರನ್ನೂ ಅದೇ ವಹಿಸಿಕೊಂಡು, ತಪ್ಪಿದ್ದನ್ನು 5, 10, 15 ನಿಮಿಷ ತಡಮಾಡಿ ನಡೆಸುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲಿದ್ದರೆ ಮಾತ್ರ ಅದು ಸುಮ್ಮನಿರುತ್ತದೆ. ಕರೆಂಟ್ ಹೋದ ದಿನ ಇದು ನೆನಪಿರಲಿ.

ಕ್ರಾನ್‌ನ ದಿನದ ಕೆಲಸಗಳ ಡೈರೆಕ್ಟರಿಗೆ ನಿಮ್ಮದೇ ಸ್ಕ್ರಿಪ್ಟ್ ಹಾಕುವುದಾದರೆ ಹೆಸರಿನಲ್ಲಿ ಚುಕ್ಕೆ ಇರಬಾರದು. ‘ಬ್ಯಾಕಪ್.ಎಸ್‌ಎಚ್’ ಎಂದಿಟ್ಟರೆ ಆ ಡೈರೆಕ್ಟರಿಯ ಸ್ಕ್ರಿಪ್ಟ್‌ಗಳನ್ನು ನಡೆಸುವ ರನ್-ಪಾರ್ಟ್ಸ್ ಅದನ್ನು ಮುಟ್ಟುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ‘ಬ್ಯಾಕಪ್’ ಎಂದಷ್ಟೇ ಇಟ್ಟು, ನಡೆಸುವ ಅನುಮತಿ ಕೊಟ್ಟು, ‘ರನ್-ಪಾರ್ಟ್ಸ್ --ಟೆಸ್ಟ್’ ಮುಂದೆ ಆ ಡೈರೆಕ್ಟರಿಯ ದಾರಿ ಕೊಟ್ಟು ಪಟ್ಟಿಯಲ್ಲಿ ಹೆಸರು ಬಂತೇ ನೋಡಿ.