ತಂತಿ ಮುಟ್ಟಿದರೆ ಗಿಟಾರಿನ ಝೀಂ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ಯಾಕೆ?

ಪ್ರಶ್ನೆ: ನನ್ನದು ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಒಂದೇ ಸುರುಳಿಯ ಭಾಗ) ಇರುವ ಸ್ಟ್ರ್ಯಾಟೊಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್. ಆಂಪ್‌ಗೆ (ಆಂಪ್ಲಿಫೈಯರ್) ಜೋಡಿಸಿದ ಕೂಡಲೇ ಒಂದೇ ಸಮ ಝೀಂ ಎನ್ನುತ್ತದೆ. ತಂತಿಯ ಮೇಲೆ ಕೈ ಇಟ್ಟರೆ ಸದ್ದು ಇಳಿಯುತ್ತದೆ, ತೆಗೆದರೆ ಮತ್ತೆ ಏಳುತ್ತದೆ. ಗಿಟಾರಿನ ಅರ್ಥಿಂಗ್ ಕೆಟ್ಟಿದೆಯೇ?

ಉತ್ತರ: ಇಲ್ಲ. ಮುಟ್ಟಿದರೆ ಸದ್ದು ಇಳಿಯುತ್ತದೆ ಎಂದರೆ ತಂತಿಗಳಿಗೆ ಗ್ರೌಂಡ್, ಅಂದರೆ ನೀವು ಹೇಳುವ ಅರ್ಥಿಂಗ್, ಸರಿಯಾಗಿಯೇ ಸಿಕ್ಕಿದೆ. ಈ ಲಕ್ಷಣ ಹೇಳಿದ ತಕ್ಷಣ ಪಿಕಪ್ ಬದಲಿಸಿ ಎನ್ನುವವರ ಮಾತಿಗೆ ದುಡ್ಡು ಸುರಿಯಬೇಡಿ.

ಇಲ್ಲಿ ಆಂಟೆನಾ ಆಗಿರುವುದು ನಿಮ್ಮ ಮೈ. ಗೋಡೆಯ ವೈರಿಂಗ್, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ಬಲ್ಬಿನ ಡ್ರೈವರ್, ಲ್ಯಾಪ್‌ಟಾಪ್ ಚಾರ್ಜರ್ ಎಲ್ಲವೂ ಸುತ್ತ ಚೆಲ್ಲುವ ವಿದ್ಯುತ್ ಗದ್ದಲವನ್ನು ಮೈ ಹಿಡಿದುಕೊಂಡು, ಹೊಟ್ಟೆಗೆ ಒತ್ತಿ ಕೂತಿರುವ ಗಿಟಾರಿನ ಒಳವೈರುಗಳಿಗೆ ದಾಟಿಸುತ್ತದೆ. ತಂತಿಗಳಿಂದ ಅವು ಕೂರುವ ಲೋಹದ ಬ್ರಿಡ್ಜ್, ಬ್ರಿಡ್ಜ್‌ನಿಂದ ಒಂದು ವೈರ್ ಮೂಲಕ ಕೇಬಲ್ ಚುಚ್ಚುವ ಜ್ಯಾಕ್, ಕೇಬಲ್ ಹಾದು ಆಂಪ್‌ನ ಲೋಹದ ಚೌಕಟ್ಟು, ಅಲ್ಲಿಂದ ತ್ರೀ-ಪಿನ್ ಪ್ಲಗ್ಗಿನ ದಪ್ಪ ಪಿನ್: ಇದು ಗ್ರೌಂಡಿನ ದಾರಿ. ತಂತಿ ಮುಟ್ಟಿದಾಗ ಮೈಯೂ ಈ ದಾರಿಗೆ ಸೇರಿ, ಆಂಟೆನಾ ಆಗಿದ್ದದ್ದು ಮರೆಯಾಗಿಬಿಡುತ್ತದೆ. ಕೊರತೆ ಇರುವುದು ಗಿಟಾರಿನೊಳಗಿನ ಶೀಲ್ಡಿಂಗ್‌ನಲ್ಲಿ, ಅಂದರೆ ಗದ್ದಲ ತಡೆಯುವ ಲೋಹದ ಹೊದಿಕೆಯಲ್ಲಿ.

ಮುಟ್ಟಿದರೆ ಸದ್ದು ಹೆಚ್ಚುತ್ತದೆಯೇ? ಅದು ಬೇರೆ ಕಥೆ. ಕೇಬಲ್ಲನ್ನು ಆಂಪ್‌ನಿಂದ ಕಿತ್ತು, ಗಿಟಾರಿನಲ್ಲಿ ಮಾತ್ರ ಇರಿಸಿ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪ್ಲಗ್ಗಿನ ಉದ್ದನೆಯ ತೋಳಿಗೆ, ಇನ್ನೊಂದನ್ನು ತಂತಿಗೆ ಒತ್ತಿ. ಒಂದೆರಡು ಓಮ್‌ ಒಳಗೆ ತೋರಿಸಬೇಕು. ಏನೂ ತೋರಿಸದಿದ್ದರೆ ಗಿಟಾರಿನ ಹಿಂಬದಿಯ ಮುಚ್ಚಳ ತೆಗೆಯಿರಿ: ಸ್ಟ್ರ್ಯಾಟ್‌ನಲ್ಲಿ ಸ್ಪ್ರಿಂಗ್‌ಗಳನ್ನು ಹಿಡಿದಿರುವ ಲೋಹದ ಪಟ್ಟಿಗೆ ಬೆಸೆದ ವೈರ್ ಬಿಟ್ಟುಕೊಂಡಿರುತ್ತದೆ. ಆ ಪಟ್ಟಿ ಶಾಖವನ್ನೆಲ್ಲ ಹೀರಿಕೊಳ್ಳುವುದರಿಂದ 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಸಾಲದು. ಬೆಸುಗೆ ಮೇಲ್ನೋಟಕ್ಕೆ ಅಂಟಿದಂತೆ ಕಂಡು, ವಾರದಲ್ಲಿ ಕಿತ್ತುಬರುತ್ತದೆ. 60 ವ್ಯಾಟ್‌ನದು ತನ್ನಿ, ಮೊದಲು ಉಪ್ಪುಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ, ಆಮೇಲೆ ಬೆಸೆಯಿರಿ. ಟೆಲಿಕಾಸ್ಟರ್‌ನಲ್ಲಿ ಇದೇ ವೈರ್ ಬ್ರಿಡ್ಜ್ ತಟ್ಟೆಯ ಅಡಿಯಲ್ಲಿ, ಲೆಸ್ ಪಾಲ್ ಮಾದರಿಯಲ್ಲಿ ಕಂಬದ ತೂತಿನೊಳಗೆ ಇರುತ್ತದೆ. ಬ್ಯಾಟರಿ ಹಾಕುವ ಇಎಂಜಿ ಕಂಪನಿಯ ಪಿಕಪ್ ಇದ್ದರೆ ಮಾತ್ರ ತಂತಿಗೆ ಗ್ರೌಂಡ್ ಇಲ್ಲದಿರುವುದೇ ಸರಿ.

ಮೀಟರ್ ಸರಿ ಎಂದರೂ ಸದ್ದು ಹೆಚ್ಚುತ್ತಿದ್ದರೆ, ಅಥವಾ ಬೆರಳಿಗೆ ಜುಮ್ಮೆಂದರೆ, ತಪ್ಪು ಗೋಡೆಯ ಸಾಕೆಟ್‌ನಲ್ಲಿದೆ. ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ: ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಇದ್ದರೆ ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಹಳೇ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತಿದ್ದರೂ ಮೂರನೆಯದಕ್ಕೆ ವೈರೇ ಇರದಿರುವುದು ಉಂಟು. ಸದ್ದು ಕಡಿಮೆಯಾಗುತ್ತದೆಂದು ಅರ್ಥ್ ಪಿನ್ ಕಿತ್ತುಹಾಕುವುದು ಮಾತ್ರ ಎಂದಿಗೂ ಬೇಡ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಸತ್ತದ್ದು, ಅರ್ಥ್ ಇಲ್ಲದ ಮೈಕ್ ಮುಟ್ಟಿ. ನಮ್ಮ ಗಣೇಶನ ಪೆಂಡಾಲುಗಳಲ್ಲಿ ಮಳೆಗೆ ನೆನೆದ ನೆಲ, ಜನರೇಟರ್ ಕರೆಂಟು, ಗಂಟು ಹಾಕಿದ ಎಕ್ಸ್‌ಟೆನ್ಷನ್ ಎಲ್ಲ ಒಟ್ಟಿಗೇ ಸೇರುತ್ತವೆ. ಹಾಡುವ ಮುಂಚೆ ಮಲ್ಟಿಮೀಟರನ್ನು ಎಸಿಯ ಅತಿ ಹೆಚ್ಚಿನ ವೋಲ್ಟೇಜ್ ರೇಂಜಿಗೆ ಇಟ್ಟು, ಮೈಕಿನ ಜಾಲರಿಗೂ ಗಿಟಾರ್ ತಂತಿಗೂ ನಡುವೆ ಅಳೆಯಿರಿ. ಹತ್ತಾರು ವೋಲ್ಟ್ ಕಂಡರೆ ತುಟಿ ಮೈಕಿನ ಹತ್ತಿರವೂ ಹೋಗಬಾರದು.

ಇನ್ನು ನಿಮ್ಮ ಝೀಂಗೆ ಮದ್ದು. ಮೊದಲು ಕಾಸು ಖರ್ಚಿಲ್ಲದ್ದು: ಫ್ಯಾನ್ ಆರಿಸಿ, ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಅರ್ಧ ಗದ್ದಲ ಅಲ್ಲೇ ಹೋಗಬಹುದು. ಉಳಿದದ್ದಕ್ಕೆ ತಾಮ್ರದ ಅಂಟುಟೇಪ್. ಅಂಟಿನಲ್ಲೂ ವಿದ್ಯುತ್ ಹರಿಯುವಂಥದ್ದನ್ನೇ ಕೇಳಿ ಕೊಳ್ಳಿ. ಇಲ್ಲದಿದ್ದರೆ ಪಟ್ಟಿ ಪಟ್ಟಿ ಸೇರುವ ಕಡೆಯೆಲ್ಲ ಒಂದೊಂದು ಚುಕ್ಕೆ ಬೆಸುಗೆ ಹಾಕಬೇಕಾಗುತ್ತದೆ. ತಂತಿ ಸಡಿಲಿಸಿ ಪಿಕ್‌ಗಾರ್ಡ್ (ಪಿಕಪ್‌ಗಳು ಕೂತಿರುವ ಮುಂಬದಿಯ ತಟ್ಟೆ) ಬಿಚ್ಚಿ, ಅದರಡಿಯ ಗುಳಿಯ ತಳಕ್ಕೂ ಗೋಡೆಗಳಿಗೂ ಟೇಪನ್ನು ಅರ್ಧ ಸೆಂಟಿಮೀಟರ್ ಒಂದರ ಮೇಲೊಂದು ಬರುವಂತೆ ಹಚ್ಚಿ. ಒಂದು ಕಡೆ ತುದಿಯನ್ನು ಗುಳಿಯ ಅಂಚಿನ ಮೇಲೆ ಸ್ಕ್ರೂ ತೂತಿನವರೆಗೆ ಎಳೆಯಿರಿ. ಪಿಕ್‌ಗಾರ್ಡ್ ಹಿಂಬದಿಗೂ ಟೇಪ್ ಹಚ್ಚಿದರೆ, ಸ್ಕ್ರೂ ಬಿಗಿದಾಗ ಎರಡೂ ಮುಟ್ಟಿಕೊಂಡು ಮುಚ್ಚಿದ ಡಬ್ಬಿಯಂತಾಗುತ್ತವೆ. ಟೇಪಿಗೂ ಜ್ಯಾಕಿನ ಗ್ರೌಂಡಿಗೂ ಮೀಟರ್ ಬೀಪ್ ಎನ್ನಬೇಕು. ಎನ್ನದಿದ್ದರೆ ಗ್ರೌಂಡ್ ಸೇರದ ತಾಮ್ರ ಬರೀ ಅಲಂಕಾರ.

ಎಲ್ಲರೂ ಎಡವುವುದು ಜ್ಯಾಕಿನ ಗುಳಿಯಲ್ಲಿ. ಪ್ಲಗ್ ತೂರಿಸಿದಾಗ ಜ್ಯಾಕಿನ ಬಾಗಿದ ನಾಲಿಗೆ ಹೊರಕ್ಕೆ ತಳ್ಳಿಕೊಂಡು ತಾಮ್ರಕ್ಕೆ ತಾಗಿ, ಸದ್ದೇ ಸತ್ತುಹೋಗುತ್ತದೆ. ಆ ಗೋಡೆಗೆ ಮಾತ್ರ ಮೇಲೊಂದು ಪದರ ಇನ್ಸುಲೇಷನ್ ಟೇಪ್ ಹಚ್ಚಿ. ಐವತ್ತು, ಅರವತ್ತರ ದಶಕದ ಅಸಲಿ ಗಿಟಾರ್ ಕೈಯಲ್ಲಿದ್ದರೆ ಈ ಯಾವ ಕೆಲಸವೂ ಬೇಡ. ಕಾರ್ಖಾನೆಯ ಬೆಸುಗೆ ಕದಡಿದರೆ ಸಂಗ್ರಹಕಾರರು ಕೊಡುವ ಬೆಲೆ ಇಳಿಯುತ್ತದೆ. ಝೀಂ ಸಹಿಸಿಕೊಳ್ಳುವುದೇ ಲಾಭ.

ಶೀಲ್ಡಿಂಗ್ ಆದಮೇಲೂ ಒಂದು ತಗ್ಗು ಗುಂ ಉಳಿಯುತ್ತದೆ, ತಂತಿ ಮುಟ್ಟಿದರೂ ಬಗ್ಗದು. ಅದು ಟ್ರಾನ್ಸ್‌ಫಾರ್ಮರುಗಳ ಕಾಂತಕ್ಷೇತ್ರದ್ದು. ತಾಮ್ರದ ಹಾಳೆ ಅದನ್ನು ತಡೆಯಲಾರದು, ಸಿಂಗಲ್ ಕಾಯಿಲ್ ಅದನ್ನು ಹಿಡಿಯದೆ ಬಿಡದು. ಗಿಟಾರ್ ಕಂಪನಿ ಗಿಬ್ಸನ್‌ನ ಸೆತ್ ಲವರ್ 1955ರಲ್ಲಿ ಎರಡು ಕಾಯಿಲ್‌ಗಳನ್ನು ಒಂದಕ್ಕೊಂದು ಉಲ್ಟಾ ಜೋಡಿಸಿ ಹಂಬಕರ್ ಪಿಕಪ್ ಮಾಡಿದ್ದು ಇದನ್ನು ಕೊಲ್ಲಲೆಂದೇ. ನಿಮ್ಮ ಗಿಟಾರಿನ ನಡುವಿನ ಪಿಕಪ್ ಉಲ್ಟಾ ಸುತ್ತಿದ್ದಾಗಿದ್ದರೆ ಅದು ಪಕ್ಕದ ಪಿಕಪ್ ಜೊತೆಗೂಡುವ ಸ್ವಿಚ್‌ನ 2 ಮತ್ತು 4ನೇ ಸ್ಥಾನಗಳಲ್ಲಿ ಗುಂ ಹೆಚ್ಚುಕಡಿಮೆ ಮಾಯವಾಗುತ್ತದೆ. ಉಳಿದ ಸ್ಥಾನಗಳಲ್ಲಿ ಆಂಪ್‌ನಿಂದ ಎರಡು ಮೀಟರ್ ದೂರ ಕುಳಿತು ಕುರ್ಚಿ ಸಮೇತ ನಿಧಾನ ತಿರುಗಿ. ಒಂದು ದಿಕ್ಕಿನಲ್ಲಿ ಗುಂ ತಟ್ಟನೆ ತಗ್ಗುತ್ತದೆ. ರೆಕಾರ್ಡಿಂಗ್ ಇದ್ದರೆ ಅಲ್ಲಿ ನೆಲಕ್ಕೊಂದು ಟೇಪಿನ ಗುರುತು ಹಾಕಿ. ಸಣ್ಣ ಸದ್ದನ್ನು ತಡೆಯುವ ನಾಯ್ಸ್ ಗೇಟ್ ಎಂಬ ಉಪಕರಣ ನೀವು ನುಡಿಸದಾಗ ಮಾತ್ರ ಬಾಯಿ ಮುಚ್ಚಿಸುತ್ತದೆ, ನುಡಿಸುವಾಗ ಗುಂ ಒಳಗೇ ಇರುತ್ತದೆ. ಅದೂ ನಮ್ಮ 50 ಹರ್ಟ್ಸ್ ಕರೆಂಟಿನ ಗುಂನಲ್ಲಿ 100 ಹರ್ಟ್ಸ್‌ನ ಪಾಲು ಜೋರು, ಆರನೇ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರ 98 ಹರ್ಟ್ಸ್. ಆ ಸ್ವರ ಎಳೆದು ಹಿಡಿದಾಗ ಸೆಕೆಂಡಿಗೆ ಎರಡು ಸಲ ಅಲುಗಿದಂತೆ ಕೇಳಿಸಿದರೆ ಶ್ರುತಿ ಕೀಲಿ ತಿರುವಬೇಡಿ, ಕುರ್ಚಿ ತಿರುಗಿಸಿ.