ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದರೆ ಮಗ ಎಣ್ಣೆ ಅಳೆಯಬೇಕು

ಬೇಲೂರು ಕಡೆಯ ಒಂದು ಕುಟುಂಬ ಹಾಸನದ ನನ್ನ ಕ್ಲಿನಿಕ್ಕಿಗೆ ಹಲವು ವರ್ಷಗಳಿಂದ ಬರುತ್ತಿದೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಅಜ್ಜಿಗೂ ಇತ್ತು. ಈಚೆಗೆ ಅಪ್ಪ ಅಮ್ಮನ ಜೊತೆ ಬಂದ ಮೂವತ್ತೆರಡು ವರ್ಷದ ಮಗ ತನ್ನ ವರದಿಯನ್ನೂ ಮೇಜಿನ ಮೇಲಿಟ್ಟ. ಖಾಲಿ ಹೊಟ್ಟೆಯ ಸಕ್ಕರೆ 98. "ನನಗೇನೂ ಇಲ್ಲವಲ್ಲ ಡಾಕ್ಟರೇ? ಕಾಫಿಗೂ ಸಕ್ಕರೆ ಹಾಕಿಕೊಳ್ಳುವುದಿಲ್ಲ" ಎಂದ. ಟೇಪು ಹಿಡಿದು ಸೊಂಟ ಅಳೆದೆ. 94 ಸೆಂಟಿಮೀಟರ್. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಅಂಗಿಯ ಗುಂಡಿಯನ್ನು ಎಳೆದು ಹಿಡಿದಿತ್ತು. ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ದಾಟಿದರೆ ನಾನು ಎಚ್ಚರಗೊಳ್ಳುತ್ತೇನೆ.

ಅವನ ಸಕ್ಕರೆ ಸರಿಯಾಗಿದೆ, ನಿಜ. ಆದರೆ ಅದನ್ನು ಸರಿಯಾಗಿಡಲು ಅವನ ಮೇದೋಜೀರಕ ಗ್ರಂಥಿ ಒಂದಾಳಿನ ಕೆಲಸಕ್ಕೆ ಎರಡಾಳು ಹಚ್ಚಿರಬಹುದು. ರಕ್ತದ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಿ ಎಂದು ಸ್ನಾಯುಗಳಿಗೆ ಹೇಳುವುದು ಈ ಗ್ರಂಥಿಯ ಇನ್ಸುಲಿನ್. ಅದರ ಮಾತನ್ನು ಸ್ನಾಯುಗಳು ಸರಿಯಾಗಿ ಕೇಳದಿದ್ದಾಗ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಿ ವರ್ಷಗಟ್ಟಲೆ ಸಂಭಾಳಿಸುತ್ತದೆ. ಅದು ದಣಿದ ಮೇಲಷ್ಟೇ ವರದಿಯಲ್ಲಿ ಅಂಕಿ ಏರುತ್ತದೆ.

ಸ್ನಾಯು ಏಕೆ ಕೇಳುವುದಿಲ್ಲ? ಸಕ್ಕರೆ ಕಾಯಿಲೆಯವರ ಮಕ್ಕಳ ಮೇಲೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ನಡೆಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಎಲ್ಲರೂ ಯುವಕರು, ತೆಳ್ಳಗಿನವರು, ಕಾಯಿಲೆ ಇಲ್ಲದವರು. ಆದರೂ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದ ಮಕ್ಕಳ ಸ್ನಾಯು ಕೋಶದೊಳಗೆ, ಚೆನ್ನಾಗಿ ಸ್ಪಂದಿಸುವವರಿಗಿಂತ ಶೇ 80ರಷ್ಟು ಹೆಚ್ಚು ಕೊಬ್ಬು ಸೇರಿತ್ತು. ಕೊಬ್ಬನ್ನು ಉರಿಸುವ ಶಕ್ತಿಯೇ ಅವರಲ್ಲಿ ಕಡಿಮೆ. ಹೀಗೆ ಒಳಗೆ ಕೂತ ಕೊಬ್ಬಿನ ತುಣುಕುಗಳು ಇನ್ಸುಲಿನ್ನಿನ ಸಂದೇಶ ಮುಂದೆ ಸಾಗದಂತೆ ತಡೆಯುತ್ತವೆ. ಪಕ್ಕದ ಮನೆಯವರಿಗೆ ಹೊಂದುವ ಊಟ ಇಂಥ ಮನೆಯವರಿಗೆ ಹೊಂದದಿರುವುದು ಇದರಿಂದಲೇ. ಸಿಹಿ ಬಿಟ್ಟೆ ಎಂದು ನೆಮ್ಮದಿಯಾಗಿರುವವರು ಬಾಣಲೆಯ ಕಡೆಗೂ ನೋಡಬೇಕು.

"ಹಾಗಾದರೆ ಯಾವ ಎಣ್ಣೆ ಒಳ್ಳೆಯದು?" ಎಂದು ಅಮ್ಮ ಕೇಳಿದರು. ಎಲ್ಲರೂ ಕೇಳುವುದು ಇದನ್ನೇ. ನಾನು ತಿರುಗಿ ಕೇಳುವುದು, ತಿಂಗಳಿಗೆ ಎಷ್ಟು ಎಂದು. ಅವರದು ನಾಲ್ಕು ಜನರ ಮನೆ, ಐದು ಲೀಟರಿನ ಒಂದು ಕ್ಯಾನು. ಚೀಟಿಯ ಹಿಂಬದಿಯಲ್ಲಿ ಅವರೆದುರೇ ಲೆಕ್ಕ ಹಾಕಿದೆ: ತಲೆಗೆ ದಿನಕ್ಕೆ 38 ಗ್ರಾಂ, ಅಂದರೆ ಎಂಟು ಚಹಾ ಚಮಚ. ತುಪ್ಪ, ತೆಂಗಿನಕಾಯಿ, ಭಾನುವಾರದ ಹಂದಿಮಾಂಸ ಇದರಲ್ಲಿ ಸೇರಿಲ್ಲ. ಅಮ್ಮ ಚೀಟಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಬೆರಳಿಟ್ಟು ಮತ್ತೊಮ್ಮೆ ಓದಿದರು.

ಎಣ್ಣೆಯ ಬಗೆಗಿಂತ ಮೊದಲು ಪ್ರಮಾಣ ಎನ್ನುವುದಕ್ಕೆ ಆಧಾರವಿದೆ. 162 ಆರೋಗ್ಯವಂತರಿಗೆ ಮೂರು ತಿಂಗಳು ಎರಡು ಬಗೆಯ ಕೊಬ್ಬಿನ ಊಟ ಕೊಟ್ಟು ನೋಡಿದ ಅಧ್ಯಯನ 2001ರಲ್ಲಿ ಬಂತು. ಬೆಣ್ಣೆಯಂಥ ಸ್ಯಾಚುರೇಟೆಡ್ ಕೊಬ್ಬು ಹೆಚ್ಚು ತಿಂದವರಲ್ಲಿ ಇನ್ಸುಲಿನ್ ಸಂವೇದನೆ, ಅಂದರೆ ಇನ್ಸುಲಿನ್ನಿನ ಮಾತು ಕೇಳುವ ಗುಣ, ಶೇ 10ರಷ್ಟು ಕುಗ್ಗಿತು; ಆಲಿವ್ ಎಣ್ಣೆಯಂಥ ಕೊಬ್ಬು ತಿಂದವರಲ್ಲಿ ಕುಗ್ಗಲಿಲ್ಲ. ಆದರೆ ಒಟ್ಟು ಕ್ಯಾಲೊರಿಯಲ್ಲಿ ಕೊಬ್ಬಿನ ಪಾಲು ಶೇ 37 ದಾಟಿದವರಿಗೆ ಒಳ್ಳೆಯ ಎಣ್ಣೆಯಿಂದಲೂ ಆ ಲಾಭ ಸಿಗಲಿಲ್ಲ. ದುಬಾರಿ ಎಣ್ಣೆ ಕೊಂಡು ಧಾರಾಳವಾಗಿ ಸುರಿಯುವವರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ.

ಆ ಮನೆಗೆ ನಾನು ಹಾಕಿಕೊಟ್ಟ ಮಿತಿ ತುಪ್ಪವೂ ಸೇರಿ ತಿಂಗಳಿಗೆ ಮೂರು ಲೀಟರ್. ತಲೆಗೆ ದಿನಕ್ಕೆ ಐದು ಚಮಚ. ಕ್ಯಾನಿನಿಂದ ನೇರವಾಗಿ ಬಾಣಲೆಗೆ ಬಗ್ಗಿಸುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕಬೇಕು. ಅಡುಗೆಗೆ ಕಡಲೆಕಾಯಿ ಎಣ್ಣೆ ಅಥವಾ ಎಳ್ಳೆಣ್ಣೆ ಸಾಕು. ನಮ್ಮ ಹಿರಿಯರು ಬಳಸುತ್ತಿದ್ದ ಹುಚ್ಚೆಳ್ಳೆಣ್ಣೆಯೂ ಹೆಚ್ಚಾಗಿ ಅಪರ್ಯಾಪ್ತ, ಅಂದರೆ ಸ್ಯಾಚುರೇಟೆಡ್ ಅಲ್ಲದ, ಕೊಬ್ಬಿನದೇ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಶೇ 90 ಸ್ಯಾಚುರೇಟೆಡ್ ಕೊಬ್ಬು, ತಾಳೆ ಎಣ್ಣೆಯಲ್ಲಿ ಅರ್ಧದಷ್ಟು. ತೆಂಗು ಬೆಳೆಯುವ ಅರಸೀಕೆರೆಯವರಿಗೆ ಇದನ್ನು ಹೇಳುವಾಗ ನನಗೂ ಕಷ್ಟವಾಗುತ್ತದೆ. ಚಟ್ನಿಗೆ ಹಿಡಿ ಕಾಯಿತುರಿ ಬೇಡ ಎನ್ನುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಕರಿಯುವುದು ಬೇಡ. ಬಿಸಿ ಮುದ್ದೆಗೆ ಒಂದು ಚಮಚ ತುಪ್ಪ ಇರಲಿ, ಆ ಐದರ ಲೆಕ್ಕದಲ್ಲೇ.

ಎಣ್ಣೆ ಇಳಿಸಿದ ಮನೆಗಳಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ಹೊಟ್ಟೆ ತುಂಬಲಿಲ್ಲವೆಂದು ಅನ್ನವನ್ನು ಮತ್ತೊಮ್ಮೆ ಬಡಿಸಿಕೊಳ್ಳುತ್ತಾರೆ. ಆಗ ಪಟ್ಟ ಶ್ರಮವೆಲ್ಲ ವ್ಯರ್ಥ. ಆ ಜಾಗಕ್ಕೆ ಹುರುಳಿ, ಅವರೆಕಾಳು, ಹೆಸರುಕಾಳಿನ ಪಲ್ಯ ಬರಬೇಕು. ಸಂಜೆಯ ಬೋಂಡದ ಜಾಗಕ್ಕೆ ಹುರಿದ ಕಡಲೆಕಾಯಿ ಒಂದು ಹಿಡಿ. ಸ್ನಾಯುವಿನೊಳಗಿನ ಕೊಬ್ಬನ್ನು ಉರಿಸಲು ನಡಿಗೆಯೂ ಬೇಕು. ಬೈಕನ್ನು ಮನೆಯಲ್ಲೇ ಬಿಟ್ಟು ತೋಟಕ್ಕೆ ನಡೆದು ಹೋಗು ಎಂದು ಮಗನಿಗೆ ಹೇಳಿದೆ.

ಅವನಿಗೆ ಎಚ್‌ಬಿಎ1ಸಿ ಪರೀಕ್ಷೆ ಬರೆದುಕೊಟ್ಟೆ; ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಅದು ತೋರಿಸುತ್ತದೆ. 5.8 ಬಂತು. 5.7ರಿಂದ 6.4ರವರೆಗಿನದು ಕಾಯಿಲೆಯ ಹೊಸ್ತಿಲು; ಇಲ್ಲಿಂದ ಹಿಂದಿರುಗಿದವರನ್ನು ನಾನು ನೋಡಿದ್ದೇನೆ. ಅವನಿಗೊಬ್ಬ ತಂಗಿ ಇದ್ದಾಳೆ, ಬೆಂಗಳೂರಿನಲ್ಲಿ ಕೆಲಸ, ಇಪ್ಪತ್ತೆಂಟು ವರ್ಷ. ಅವಳ ಸೊಂಟವನ್ನು ಇನ್ನೂ ಯಾರೂ ಅಳೆದಿಲ್ಲ. ಮುಂದಿನ ಬಾರಿ ಅವಳನ್ನೂ ಕರೆತರಲು ಅಮ್ಮನಿಗೆ ಹೇಳಿದ್ದೇನೆ.