ದೂರ ಒಂದೇ, ಬರುವಾಗ ಮಾತ್ರ ಒಂದು ಗಂಟೆ ಕಡಿಮೆ!

ಪ್ರಶ್ನೆ: ಲಂಡನ್‌ನಿಂದ ನ್ಯೂಯಾರ್ಕ್‌ಗೆ ವಿಮಾನದ ದಾರಿ ಸುಮಾರು 5,540 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂತಾರೆ. ಭಾಗಿಸಿದರೆ 6 ಗಂಟೆ ಚಿಲ್ಲರೆ. ಟಿಕೆಟ್‌ನಲ್ಲಿ ನೋಡಿದರೆ ಹೋಗುವಾಗ 8 ಗಂಟೆ, ಬರುವಾಗ 7 ಗಂಟೆ. ಯಾಕೆ ಹೀಗೆ?

ಉತ್ತರ: ನಿಮ್ಮ ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ವಿಮಾನ ಹೊರಟ ಕ್ಷಣದಿಂದಲೇ 900ರಲ್ಲಿ ಓಡುತ್ತದೆ, ಗಾಳಿ ಸುಮ್ನೆ ನಿಂತಿರುತ್ತದೆ ಎಂದುಕೊಂಡು ಮಾಡಿದ ಲೆಕ್ಕ ಅದು.

ಟಿಕೆಟ್‌ನಲ್ಲಿರುವುದು ಬರೀ ಹಾರಾಟದ ಸಮಯ ಅಲ್ಲ. ಈ ಕಡೆಯ ಗೇಟ್ ಬಿಟ್ಟಾಗಿನಿಂದ ಆ ಕಡೆಯ ಗೇಟ್‌ಗೆ ಬಂದು ನಿಲ್ಲುವವರೆಗಿನದು. ರನ್‌ವೇ ಕಡೆಗೆ ನಿಧಾನ ಸಾಗುವುದು, ಸರದಿಯಲ್ಲಿ ಕಾಯುವುದು, ಇಳಿಯುವ ಮುಂಚೆ ಸುತ್ತು ಹಾಕುವುದು, ಎಲ್ಲಾ ಅದರಲ್ಲೇ ಸೇರಿದೆ. ಅದರ ಮೇಲೆ ಕಂಪನಿಗಳು ಒಂದಿಷ್ಟು ನಿಮಿಷ ಕೈಯಲ್ಲಿ ಇಟ್ಟುಕೊಂಡೇ ವೇಳಾಪಟ್ಟಿ ಮಾಡುತ್ತವೆ. ಅರ್ಧ ಗಂಟೆ ತಡವಾಗಿ ಹೊರಟ ವಿಮಾನವೂ ಸರಿಯಾದ ಸಮಯಕ್ಕೆ ಇಳಿದುಬಿಡುತ್ತದಲ್ಲ, ಅದರ ಗುಟ್ಟು ಇದೇ.

ಇನ್ನು ಹೋಗುವಾಗ ಬರುವಾಗಿನ ವ್ಯತ್ಯಾಸ. ಭೂಮಿ ತಿರುಗುವುದರಿಂದ ಅಲ್ವಾ ಎಂದು ಕೇಳುವವರಿದ್ದಾರೆ. ಭೂಮಿಯ ಜೊತೆ ಗಾಳಿಯೂ, ಗಾಳಿಯಲ್ಲಿರುವ ವಿಮಾನವೂ ತಿರುಗುತ್ತಲೇ ಇರುತ್ತವೆ. ಹಾಗಾಗಿ ನೇರ ಲಾಭವೇನೂ ಇಲ್ಲ. ಅಸಲಿ ಕಾರಣ ಜೆಟ್ ಸ್ಟ್ರೀಮ್. ನೆಲದಿಂದ 9–12 ಕಿ.ಮೀ. ಮೇಲೆ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆ ಅದು. ಚಳಿಗಾಲದಲ್ಲಿ ರಭಸ ಜಾಸ್ತಿ. ಗಂಟೆಗೆ 200 ಕಿ.ಮೀ. ದಾಟುವುದೂ ಉಂಟು.

ದಾರಿಯುದ್ದಕ್ಕೂ ಗಂಟೆಗೆ ನೂರು ಕಿ.ಮೀ. ಗಾಳಿ ಇದೆ ಎಂದುಕೊಳ್ಳಿ. ಹೋಗುವಾಗ ಅದು ಎದುರಾಗುತ್ತದೆ, ವೇಗ 800ಕ್ಕೆ ಇಳಿಯುತ್ತದೆ, 6 ಗಂಟೆ 55 ನಿಮಿಷ ಬೇಕು. ಬರುವಾಗ ಬೆನ್ನಿಗಿರುತ್ತದೆ, ವೇಗ 1,000 ಆಗುತ್ತದೆ, 5 ಗಂಟೆ 32 ನಿಮಿಷ ಸಾಕು. ಒಂದು ತಮಾಷೆ ನೋಡಿ: ಹೋದಾಗ ಕಳೆದದ್ದು ಬಂದಾಗ ಪೂರ್ತಿ ವಾಪಸ್ ಸಿಗುವುದಿಲ್ಲ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು ಆಗುತ್ತಿದ್ದುದಕ್ಕಿಂತ ಇದು ಸುಮಾರು 9 ನಿಮಿಷ ಜಾಸ್ತಿಯೇ.

2020ರ ಫೆಬ್ರವರಿಯಲ್ಲಿ ಕಿಯಾರಾ ಬಿರುಗಾಳಿ ಬಂದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಐದು ಗಂಟೆಯೂ ಹಿಡಿಯದೆ, 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಆ ಎತ್ತರದಲ್ಲಿ ಶಬ್ದದ ವೇಗ ಸುಮಾರು 1,060. ಹಾಗಂತ ವಿಮಾನ ಶಬ್ದವನ್ನು ಹಿಂದೆ ಹಾಕಲಿಲ್ಲ. ಗಾಳಿಯ ಲೆಕ್ಕದಲ್ಲಿ ಅದು ಎಂದಿನ ವೇಗದಲ್ಲೇ ಇತ್ತು, ಗಾಳಿಯೇ ಅದನ್ನು ಹೊತ್ತುಕೊಂಡು ಓಡುತ್ತಿತ್ತು. ನಿಮ್ಮ ಸೀಟಿನ ಮುಂದಿನ ಪರದೆಯಲ್ಲಿ ಕಾಣುವುದೂ ಈ ನೆಲದ ವೇಗವೇ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಬರೆದಿಟ್ಟುಕೊಂಡು ಹೋಲಿಸಿ ನೋಡಿ.

ಒಂದು ಎಚ್ಚರಿಕೆ. ಬೆಳಿಗ್ಗೆ 10ಕ್ಕೆ ಲಂಡನ್ ಬಿಟ್ಟು ಮಧ್ಯಾಹ್ನ 1ಕ್ಕೆ ನ್ಯೂಯಾರ್ಕ್ ಎಂದು ಟಿಕೆಟ್‌ನಲ್ಲಿದ್ದರೆ ಮೂರೇ ಗಂಟೆ ಎಂದು ಖುಷಿಪಡಬೇಡಿ. ಎರಡೂ ಆಯಾ ಊರಿನ ಗಡಿಯಾರದ ಸಮಯ. ನ್ಯೂಯಾರ್ಕ್ 5 ಗಂಟೆ ಹಿಂದಿದೆ, ಅದನ್ನು ಕೂಡಿಸಿ. ಮಾರ್ಚ್‌ನಲ್ಲಿ ಎರಡು-ಮೂರು ವಾರ, ಅಕ್ಟೋಬರ್ ಕೊನೆಗೆ ಒಂದು ವಾರ ಮಾತ್ರ 4 ಕೂಡಿಸಬೇಕು. ಎರಡೂ ದೇಶ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಆಮೇಲೆ ವಾಪಸ್ ಹಿಂದಕ್ಕೆ ತಿರುಗಿಸುತ್ತವೆ, ಆದರೆ ಒಂದೇ ದಿನ ಅಲ್ಲ.